ದನಿ ಗೊತ್ತಿದ್ದವರು

ಎಡಗಾಲಿಗೆ ಚಪ್ಪಲಿ ಹೋಗಲಿಲ್ಲ. ಅವನು ಪಟ್ಟಿ ಸಡಿಲಿಸಿ, ಹಿಮ್ಮಡಿಯ ಕೆಳಗೆ ಬೆರಳಿಟ್ಟು ಮತ್ತೊಮ್ಮೆ ನೂಕಿದ. ಅಂಗಡಿಯಲ್ಲಿ ದಿನಾ ಮಾಡುವ ಕೆಲಸ. ಎದುರಿಗೆ ಕೂತವರು ಕಾಲನ್ನು ಒಂಚೂರು ಒತ್ತಿದರೆ ಸಾಕು, ಸಲೀಸಾಗಿ ಒಳಗೆ ಹೋಗಿಬಿಡುತ್ತದೆ. ಈ ಕಾಲು ಒತ್ತಲಿಲ್ಲ.

“ಭಾವ, ಬಿಡಿ. ಸಾಕು,” ಎಂದಳು ಹೆಂಡತಿಯ ತಂಗಿ.

“ಒಂದು ಸೈಜು ದೊಡ್ಡದು ತರ್ತೀನಿ. ಅಂಗಡೀಲಿದೆ.”

“ಎಲ್ಲಿಗೂ ಹೋಗ್ಬೇಡಿ. ಜನ ಬರ್ತಿದಾರೆ.”

ಅವನು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹಾಗೇ ಕುಕ್ಕರುಗಾಲಲ್ಲಿ ಕೂತ. ನಿನ್ನೆ ಬೆಳಿಗ್ಗೆ ಇದೇ ಜೋಡಿ ಮೆಟ್ಟಿಕೊಂಡು ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಊರಿನ ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವುದು ಅವಳ ಕೆಲಸ. ಇದ್ದದ್ದು ಒಂದೇ ಗಾಡಿ. ಅದನ್ನು ಎಲ್ಲಿಗೆಲ್ಲ ಕಳಿಸಿದ್ದಳೋ, ಒಂದು ದಿನವೂ ತಾನು ಹತ್ತಿದವಳಲ್ಲ. ಠಾಣೆಯವರು ಅವಳನ್ನು ಫೋನಕ್ಕ ಎನ್ನುತ್ತಿದ್ದರು.

ಗಾಡಿಯ ಡ್ರೈವರ್ ಬಾಗಿಲಲ್ಲಿ ನಿಂತು ಟೋಪಿಯನ್ನು ಹಿಂಡುತ್ತಿದ್ದ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

“ರಸ್ತೆಗೆ ಮರ ಬಿದ್ದಿದೆ ಅಂತ ನಮ್ಮನ್ನ ಕಳಿಸಿದ್ದೇ ಅವರು. ಮರ ಕೊಯ್ದು ಬದಿಗೆ ಎಳೆದ್ವಿ. ವಾಪಸ್ ಬರ್ತಿದೀವಿ ಅಂತ ವೈರ್‌ಲೆಸ್‌ನಲ್ಲಿ ಹೇಳಿದ್ರೆ ಉತ್ತರ ಇಲ್ಲ. ಬಂದು ನೋಡಿದ್ರೆ ಕುರ್ಚೀಲಿ ಕೂತೇ ಇದಾರೆ. ನೆಟ್ಟಗೆ. ಅಕ್ಕಾ, ಟೀ ಆಯ್ತಾ ಅಂತ ಕೇಳ್ದೆ ನಾನು.”

“ಡಾಕ್ಟ್ರು ಏನಂದ್ರು?”

“ಹೃದಯ ನಿಂತಿದೆ ಅಂದ್ರು. ಅವರಿಗೇ ಗೊತ್ತಾಗಿರಲ್ಲ ಅಂದ್ರು.”

ಗಂಡ ಇದನ್ನು ಯಾರದೋ ಹೆಂಡತಿಯ ಸುದ್ದಿ ಎಂಬಂತೆ ಕೇಳಿಸಿಕೊಂಡ.

ಆಗ ಒಳಗೆ ಬಂದ ಹೆಂಗಸು ಮನೆಯವರಿಗೆ ಗುರುತಿನವಳಲ್ಲ. ಹೆಣದ ಪಕ್ಕ ನಿಂತು ಬಹಳ ಹೊತ್ತು ನೋಡಿದಳು.

“ಇವರೇನಾ? ಇಷ್ಟು ಪುಟ್ಟಗಿದ್ರಾ? ದನಿ ಕೇಳಿ ನಾನು ದೊಡ್ಡಾಳು ಅಂದ್ಕೊಂಡಿದ್ದೆ.” ಆಮೇಲೆ ಅವನ ಕಡೆ ತಿರುಗಿದಳು. “ನೀವೇ ಅಲ್ವಾ, ಎರಡೂ ಎಡಗಾಲಿನ ಬೂಟು ಮಾರಿ ಬಸ್ ಹಿಂದೆ ಓಡಿದೋರು?”

ಅವನು ತಲೆಯೆತ್ತಿದ. ಮದುವೆಯಾದ ಹೊಸದರಲ್ಲಿ ನಡೆದದ್ದು ಅದು. ನಾಚಿಕೆಯಿಂದ ಹೆಂಡತಿಯೊಬ್ಬಳಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ.

“ನಿಮಗ್ಯಾರು ಹೇಳಿದ್ದು?”

“ಅವರೇ.”

*

ಹೋದ ಚಳಿಗಾಲದ ಒಂದು ಮಧ್ಯಾಹ್ನ ಆ ಹೆಂಗಸಿನ ಮನೆಯಲ್ಲಿ ಹೀಟರಿಗೆ ಪರದೆ ತಗುಲಿ ಉರಿದಿತ್ತು. ಬಾಗಿಲ ಕಡೆಗೇ ಬೆಂಕಿ. ಅವಳು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡು ಫೋನ್ ಮಾಡಿದ್ದಳು.

“ಟವೆಲ್ ನೆನೆಸಿ ಬಾಗಿಲ ಸಂದಿಗೆ ತುರುಕಿ,” ಎಂದಿತ್ತು ಆ ಕಡೆಯ ದನಿ. “ನೆಲಕ್ಕೆ ಮುಖ ಹಚ್ಚಿ ಮಲಗಿ. ಗಾಡಿ ಹೊರಟಿದೆ. ಅಲ್ಲೀವರೆಗೂ ನನ್ನ ಗಂಡನ ಕತೆ ಹೇಳ್ತೀನಿ. ನೀವು ಹೂಂ ಅಂತಿರಬೇಕು.”

“ನಾನು ಸತ್ತೋಗ್ತೀನಿ.”

“ಮೊದಲು ಹೂಂ ಅನ್ನಿ. ನನ್ನ ಗಂಡ ನನ್ನ ನೋಡೋಕೆ ಬಂದಾಗ ಮುಖ ನೋಡಲೇ ಇಲ್ಲ ಗೊತ್ತಾ? ಇಡೀ ಹೊತ್ತು ಕಾಲೇ ನೋಡ್ತಾ ಕೂತಿದ್ರು. ಆಮೇಲೊಂದಿನ ಬಸ್ ನಿಲ್ದಾಣದಲ್ಲಿ, ತಲೆ ಬಗ್ಗಿಸ್ಕೊಂಡೇ ಬಂದು, ನೀವು ಅವರೇ ಅಲ್ವಾ ಅಂದ್ರು. ಕಾಲಲ್ಲೇ ಗುರುತು ಹಿಡಿದ್ರು. ಹೂಂ ಅನ್ನಿ.”

“ಹೂಂ.”

ಹೊಗೆ ಸಂದಿಯಿಂದ ನುಸುಳುತ್ತಿತ್ತು. ಹೂಂ ತಡವಾದರೆ ಆ ದನಿ ಗದರುತ್ತಿತ್ತು. ಬೂಟಿನ ಕತೆಯಲ್ಲಿ ಬಸ್ಸು ಎರಡನೇ ನಿಲ್ದಾಣ ದಾಟಿದಾಗ ಹೊರಗೆ ಬಾಗಿಲು ಒಡೆಯುವ ಸದ್ದು ಕೇಳಿಸಿತ್ತು.

*

“ಮೈ ಸರಿಹೋದ ಮೇಲೆ ನಿಮ್ಮ ಅಂಗಡಿಗೆ ಬಂದಿದ್ದೆ,” ಎಂದಳು ಹೆಂಗಸು. “ಚಪ್ಪಲಿ ಬೇಕಿರಲಿಲ್ಲ. ನಿಮ್ಮನ್ನ ನೋಡ್ಬೇಕಿತ್ತು. ನೀವು ನನ್ನ ಮುಖ ನೋಡಲೇ ಇಲ್ಲ. ಸರಿ, ಇವರೇ ಅಂದ್ಕೊಂಡೆ.”

ಅವನು ಚಪ್ಪಲಿ ಕೆಳಗಿಟ್ಟ. ಡ್ರೈವರನ ಕಡೆ ನೋಡಿದ.

“ಸಿಕ್ಕಿಹಾಕ್ಕೊಂಡೋರಿಗೆಲ್ಲ ಹಾಗೇ ಅಣ್ಣ,” ಎಂದ ಡ್ರೈವರ್. “ಫೋನ್ ಇಡೋಕೆ ಬಿಡ್ತಿರಲಿಲ್ಲ. ನಿಮ್ಮ ಕತೆ ಹೇಳ್ತಿದ್ರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ಅಕ್ಕ ಮನೇಲಿ ಬಾಯೇ ಬಿಡ್ತಿರಲಿಲ್ವಲ್ಲ,” ಎಂದಳು ತಂಗಿ.

*

ಬಿಡುತ್ತಿರಲಿಲ್ಲ. ವರ್ಷವಿಡೀ ಊರಿನ ಕೂಗೆಲ್ಲ ಅವಳ ಕಿವಿಗೇ ಬೀಳುತ್ತಿತ್ತು. ಬಿಸಿಲೇರಿದೊಡನೆ ಒಣಹುಲ್ಲು, ಕಸದ ರಾಶಿ, ಕಿಡಿ ಕಾರುವ ವಿದ್ಯುತ್ ಕಂಬ. ಗಾಳಿ ಶುರುವಾದರೆ ಅಡ್ಡ ಬಿದ್ದ ಮರ, ಹಾರಿಹೋದ ತಗಡು. ಮಳೆಯಲ್ಲಿ ಸೇತುವೆಯಡಿ ನೀರು ತುಂಬಿ ನಿಂತ ಕಾರು. ಚಳಿಯಲ್ಲಿ ಕಿಟಕಿ ಮುಚ್ಚಿ ಹೀಟರ್ ಹಚ್ಚಿಕೊಂಡವರು. ನಡುನಡುವೆ ಕೊಡದಲ್ಲಿ ತಲೆ ಸಿಕ್ಕಿಸಿಕೊಂಡ ನಾಯಿ. ಬೇಸಿಗೆಗೆ ಮುಂಚೆ ಅಂಗಳದಲ್ಲಿ ಪೈಪುಗಳನ್ನೆಲ್ಲ ಹಾಸಿ, ನೀರು ತುಂಬಿಸಿ, ತೂತು ಹುಡುಕುವ ದಿನ ಉಳಿದವರು ಒದ್ದೆಯಾಗಿ ನಗುತ್ತಿದ್ದರೆ ಅವಳು ಮಾತ್ರ ಫೋನ್ ಬಿಟ್ಟು ಏಳುವಂತಿರಲಿಲ್ಲ.

ಸಂಜೆ ಮನೆಗೆ ಬಂದು ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು.

“ಇವತ್ತು ಏನಾಯ್ತು?” ಎಂದು ಅವನು ಕೇಳುತ್ತಿದ್ದ.

“ಏನಿಲ್ಲ.”

ಅವನು ಹೋಗಿ ರೇಡಿಯೋ ಆರಿಸುತ್ತಿದ್ದ. ಬರಬರುತ್ತಾ ಏನಾಯ್ತೆಂದು ಕೇಳುವುದನ್ನೂ ಬಿಟ್ಟ. ನನ್ನ ಮೇಲೆ ಇವಳಿಗೆ ಬೇಸರ ಬಂದಿದೆ, ಚಪ್ಪಲಿ ಮಾರುವವನ ಹತ್ತಿರ ಮಾತಾಡಲು ಏನಿರುತ್ತದೆ ಎಂದು ತಾನೇ ತೀರ್ಮಾನಿಸಿಕೊಂಡ. ನಿನ್ನೆ ಹೊರಡುವಾಗಲೂ ಅವಳು ಆಡಿದ್ದು ಒಂದೇ ಮಾತು: “ಹಾಲು ಒಲೆ ಮೇಲಿದೆ, ನೋಡ್ಕೊಳ್ಳಿ.”

*

ಸ್ಮಶಾನದಲ್ಲಿ ಠಾಣೆಯ ಸಾಹೇಬರು ನಾಲ್ಕು ಮಾತು ಆಡಲು ನಿಂತರು. “ಈ ವರ್ಷ ನಮ್ಮ ಠಾಣೆಗೆ ಬಂದ ಕರೆಗಳು…” ಎಂದು ಆರಂಭಿಸಿ, ಗುಂಡಿಯ ಕಡೆ ನೋಡಿ ನಿಲ್ಲಿಸಿದರು. ಪಕ್ಕಕ್ಕೆ ಸರಿದು ಕನ್ನಡಕ ತೆಗೆದರು.

ಮಣ್ಣು ಮುಚ್ಚಿಯಾಯಿತು. ನೆಂಟರು ಒಬ್ಬೊಬ್ಬರಾಗಿ ಹೊರಟರು. ಆದರೂ ಜನ ಕರಗಲಿಲ್ಲ. ಗೇಟಿನ ಬಳಿ ಗಂಡಸರು, ಹೆಂಗಸರು ಒಬ್ಬರ ಹಿಂದೊಬ್ಬರು ನಿಂತಿದ್ದರು. ಅವರಿಗೆ ಪರಸ್ಪರ ಪರಿಚಯವಿದ್ದಂತೆ ಕಾಣಲಿಲ್ಲ.

“ಯಾರಿವರೆಲ್ಲ?” ಎಂದು ಅವನು ಡ್ರೈವರನನ್ನು ಕೇಳಿದ.

“ಸರಿಯಾಗಿ ಗೊತ್ತಾಗ್ತಿಲ್ಲ ಅಣ್ಣ. ನಾವು ನೋಡೋ ಹೊತ್ತಿಗೆ ಮುಖಕ್ಕೆಲ್ಲ ಮಸಿ ಮೆತ್ತಿರುತ್ತಲ್ಲ.”

ಮುಂದಿದ್ದ ಮುದುಕ ಹತ್ತಿರ ಬಂದು ಅವನ ಕೈ ಹಿಡಿದುಕೊಂಡ.

“ನಾನು ಬಾವೀಲಿ ಬಿದ್ದಿದ್ದೆ. ಫೋನ್ ಜೇಬಲ್ಲಿತ್ತು, ನೆನೆದರೂ ಕೆಟ್ಟಿರಲಿಲ್ಲ, ಪುಣ್ಯ. ಕತ್ತಿನ ತನಕ ನೀರು. ಅವರು ನಿಮ್ಮ ಗೊರಕೆ ವಿಷಯ ಹೇಳ್ತಿದ್ರು.”

“ಗೊರಕೆನಾ?”

“ಜೋರಾಗಿ ಹೊಡೀತೀರಂತೆ. ಕೇಳಿದ್ರೆ ಒಪ್ಪೋದೇ ಇಲ್ವಂತೆ. ನೀವು ಊರಲ್ಲಿ ಇಲ್ಲದ ದಿನ ಅವರಿಗೆ ನಿದ್ದೇನೇ ಹತ್ತಲ್ವಂತೆ. ಎದ್ದು ಕೂತಿರ್ತಾರಂತೆ.”

ಅವನು ಮುದುಕನನ್ನೇ ದಿಟ್ಟಿಸಿದ. ಹೆಂಡತಿಗೆ ಯಾವಾಗಲೂ ಕೊಡುತ್ತಿದ್ದ ಉತ್ತರವೇ ತಾನಾಗಿ ಬಾಯಿಗೆ ಬಂತು.

“ನಾನು ಗೊರಕೆ ಹೊಡೆಯಲ್ಲ.”

“ಹೊಡೀತೀರಿ,” ಎಂದಳು ಸಾಲಿನಲ್ಲಿದ್ದ ಒಬ್ಬಳು.

“ಹೊಡೀತೀರಂತೆ,” ಎಂದ ಅವಳ ಹಿಂದಿದ್ದವನು. ಅವನ ಹಿಂದಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು.

ತಂಗಿ ಬಂದು ಅವನ ತೋಳು ಹಿಡಿದಳು. “ಭಾವ, ಕತ್ತಲಾಗ್ತಾ ಬಂತು. ಇವರಿಗೆಲ್ಲ ಇನ್ನೊಂದಿನ ಬರೋಕೆ ಹೇಳೋಣ.”

ಅವನು ತೋಳು ಬಿಡಿಸಿಕೊಂಡ. ಗೇಟಿನ ಪಕ್ಕದ ಕಲ್ಲುಬೆಂಚಿನ ಒಂದು ತುದಿಗೆ ಕೂತ. ಉಳಿದ ಜಾಗದ ಧೂಳನ್ನು ಅಂಗೈಯಿಂದ ಒರೆಸಿದ. ಸಾಲಿನಲ್ಲಿ ಮುಂದಿದ್ದ ಹೆಂಗಸು ಬಂದು ಕೂತಳು, ಸೆರಗು ಸರಿಮಾಡಿಕೊಂಡಳು, ಹೇಳತೊಡಗಿದಳು. ಅವನು ಅವಳತ್ತ ಬಾಗಿ, ನಡುನಡುವೆ, ಹೂಂ ಎನ್ನುತ್ತಿದ್ದ.