ನಾಲ್ಕು ತಕ್ಬೀರು

"ಕಾಲು ಕೊನೇಗೆ ಕಣೋ. ಮೊದಲು ಕೈ, ಆಮೇಲೆ ಬಾಯಿ, ಮೂಗು, ಮುಖ," ಎಂದ ಪ್ಲಂಬರ್.

ಮಸೀದಿಯ ನಲ್ಲಿಯ ಮುಂದೆ ಕೂತಿದ್ದ ಲಾರಿ ಡ್ರೈವರ್ ಒದ್ದೆ ಕಾಲನ್ನು ಹಿಂದಕ್ಕೆಳೆದುಕೊಂಡ. ಐವತ್ತು ದಾಟಿದ ಗಂಡಸು. ತಂದೆಯ ದೇಹ ಅಂಗಳದಲ್ಲಿರುವಾಗ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕ್ರಮವನ್ನು ಬಾಲ್ಯದ ಗೆಳೆಯನಿಂದ ಹೇಳಿಸಿಕೊಳ್ಳುತ್ತಿದ್ದ. ನಾಚಿಕೆಯೆಂದರೆ ನಾಚಿಕೆ!

ತಂದೆ ಬೇರೆ ಯಾರೋ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಬೀದಿಯ ಮಕ್ಕಳಿಗೆಲ್ಲ ಅರಬ್ಬಿಯ ಮೊದಲ ಅಕ್ಷರ ಕಲಿಸಿ 'ಅಲಿಫ್ ತಾತ' ಎನಿಸಿಕೊಂಡಿದ್ದ ಮೇಷ್ಟ್ರು ಅವರು. ಕೈ ಎತ್ತಿ ಹಿಡಿದು, ದೇವರೊಬ್ಬನೇ ಎಂಬ ಕಲಿಮಾಗೆ ಹೆಬ್ಬೆರಳು, ನಮಾಜಿಗೊಂದು, ಉಪವಾಸಕ್ಕೊಂದು, ಬಡವರ ಪಾಲಿನ ಜಕಾತಿಗೊಂದು, ಹಜ್ ಯಾತ್ರೆಗೆ ಕಿರುಬೆರಳು ಎಂದು ಊರಿಗೆಲ್ಲ ಕಲಿಸಿದವರು. ಮಗ ಮಾತ್ರ ಚಿಕ್ಕಂದಿನಲ್ಲಿ ಗೋಲಿ ಜೇಬಿಗಿಳಿಸಿ ಓಡಿದ, ದೊಡ್ಡವನಾದ ಮೇಲೆ ಸ್ಟಿಯರಿಂಗ್ ಹಿಡಿದು ಓಡಿದ. "ಹತ್ತು ದಿನ ನನ್ ಹತ್ರ ಕೂತ್ಕೋ ಸಾಕು. ನನ್ನ ಕೊನೇ ನಮಾಜು ನೀನೇ ಮಾಡಿಸ್ಬೇಕು," ಎಂದು ಹೋದ ವರ್ಷವೂ ಕೇಳಿಕೊಂಡಿದ್ದರು. "ಈ ಟ್ರಿಪ್ ಮುಗೀಲಿ ಅಬ್ಬಾ," ಎಂದಿದ್ದ ಇವನು. ಟ್ರಿಪ್ಪುಗಳಿಗೇನು, ಒಂದರ ಹಿಂದೊಂದು.

"ನಮಾಜು ಮಾಡಿಸೋ ಹಕ್ಕು ನಿಮ್ಮದೇ," ಎಂದರು ಇಮಾಮ್ ಸಾಹೇಬರು. "ನೀವೇ ನಿಲ್ತೀರೋ, ಬೇರೆಯವರಿಗೆ ಒಪ್ಪಿಗೆ ಕೊಡ್ತೀರೋ?"

"ಇವನೇ ಮಾಡಿಸ್ಲಿ. ಅಬ್ಬಾ ಹತ್ರ ಕಲ್ತೋನು," ಎಂದು ಡ್ರೈವರ್ ಪ್ಲಂಬರ್ ಕಡೆ ಕೈ ತೋರಿಸಿದ.

ಸಾಲು ನಿಂತಿತು. ಮುಂದೆ ನಿಂತ ಪ್ಲಂಬರ್ ಎರಡನೇ ಸಲ "ಅಲ್ಲಾಹು ಅಕ್ಬರ್" ಎಂದಾಗ ಡ್ರೈವರ್ ಸೊಂಟ ಬಗ್ಗಿಸಿದ. ವರ್ಷಕ್ಕೆರಡು ಸಲ ಹಬ್ಬಗಳಲ್ಲಿ ಅಕ್ಕಪಕ್ಕದವರನ್ನು ನೋಡಿ ಬಗ್ಗಿದ್ದೇ ಅವನಿಗೆ ಗೊತ್ತಿದ್ದ ನಮಾಜು. ನೋಡಿದರೆ ಸುತ್ತಲೂ ನೆಟ್ಟಗೆ ನಿಂತ ಕಾಲುಗಳು! ಸತ್ತವರ ನಮಾಜಿನಲ್ಲಿ ಬಗ್ಗುವುದೂ ಇಲ್ಲ, ನೆಲಕ್ಕೆ ಹಣೆ ಹಚ್ಚುವುದೂ ಇಲ್ಲ; ನಿಂತಲ್ಲೇ "ಅಲ್ಲಾಹು ಅಕ್ಬರ್" ಎನ್ನುವ ನಾಲ್ಕು ತಕ್ಬೀರು, ನಡುವೆ ಪ್ರಾರ್ಥನೆ, ಅಷ್ಟೇ. ಪಕ್ಕದಲ್ಲಿದ್ದ ಇಮಾಮರು ಮೊಣಕೈ ಹಿಡಿದು ಮೆಲ್ಲಗೆ ಎತ್ತಿದರು. ಎಲ್ಲರ ತುಟಿಗಳು ಸತ್ತವರಿಗಾಗಿ ಕ್ಷಮೆ ಬೇಡುತ್ತಿದ್ದವು. ಇವನ ಬಾಯಿಗೆ ಬಂದದ್ದು "ಅಬ್ಬಾ, ಅಬ್ಬಾ" ಎಂಬುದೊಂದೇ.

ಎಲ್ಲರೂ ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ಸಲಾಮ್ ಹೇಳಿದರು.

"ಮುಗೀತಾ?"

"ಮುಗೀತು," ಎಂದ ಪ್ಲಂಬರ್.

"ಇಷ್ಟೇನಾ? ಹತ್ತು ದಿನ ಯಾಕೋ, ಒಂದ್ ಟೀ ಕುಡಿಯೋ ಹೊತ್ತಲ್ಲಿ ಕಲೀಬಹುದಿತ್ತಲ್ಲೋ!" ಎಂದು ಡ್ರೈವರ್ ಅವನ ತೋಳು ಹಿಡಿದುಕೊಂಡ. "ಇನ್ನೊಂದ್ಸಲ ಮಾಡೋಕಾಗಲ್ವಾ? ಈ ಸಲ ತಪ್ಪು ಮಾಡಲ್ಲ."

"ಒಂದೇ ಸಲ ಕಣೋ." ಪ್ಲಂಬರ್ ಕಣ್ಣೊರೆಸಿಕೊಂಡ. "ಬಾ, ಹೆಗಲು ಕೊಡು. ಅದಕ್ಕೇನೂ ಕಲ್ತಿರಬೇಕಾಗಿಲ್ಲ."

ಹೊರುವ ನಾಲ್ವರಲ್ಲಿ ಇವನೇ ಎತ್ತರ. ತಂದೆ ಒಂದು ಕಡೆಗೆ ಓರೆಯಾಗದಿರಲೆಂದು ಖಬರಸ್ತಾನದವರೆಗೂ ಮಂಡಿ ಮಡಚಿ, ಕುಗ್ಗಿಯೇ ನಡೆದ.