ಸೊಂಟದ ಗೀಟು

ಗಂಡನ ತಿಥಿ ಮುಗಿಸಿ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹಿಡಿದಿಟ್ಟೆ. ಅನ್ನಕ್ಕಿಟ್ಟೆ. ಆಮೇಲೆ ಮಾಡುವುದೇನೂ ಉಳಿಯಲಿಲ್ಲ.

ಹೊಲಿಗೆ ಮೆಷಿನ್ನಿನ ಮೇಲೆ ಲಂಗ ಹಾಗೇ ಇತ್ತು. ಕುದೇರಿನವರು ಆಡಲಿದ್ದ ನಾಟಕದಲ್ಲಿ, ಆ ಊರಿನ ಶಾಲೆಯ ಮೇಷ್ಟ್ರಾಗಿದ್ದ ನನ್ನ ಗಂಡ ಗಿರೀಶ್ ರಾಣಿಯ ಪಾತ್ರ ಮಾಡಬೇಕಿತ್ತು. ಟೀವಿಯಲ್ಲಿ ರಾಜರ ಧಾರಾವಾಹಿ ನೋಡಿದ ಮೇಲೆ ಅವರಿಗೆ ಸೀರೆ ಸಾಲಲಿಲ್ಲ. ಹಳೆಯ ಕಾಲದ ಅರಮನೆಯ ಲಂಗವೇ ಬೇಕು. ಗುಂಡ್ಲುಪೇಟೆಯ ಮರಿತಾಯಮ್ಮನ ಯಜಮಾನರು ಹಿಂದೆ ನಾಟಕ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದವರು. ಗಿರೀಶ್ ಆಕೆಯಿಂದ ಲಂಗ ಕತ್ತರಿಸುವ ಅಳತೆ ಕಾಗದ ಎರವಲು ತಂದರು. ಅದರ ಮೇಲೆ ತಮ್ಮ ಸೊಂಟದ ಅಳತೆಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಂಡರು. ಆ ಗೀಟಿನಂತೆ ನಾನು ಹೊಲಿದೆ. ಹೆಣ್ಣು ಪಾತ್ರದ ಗಂಡಸರೆಲ್ಲ ಮೈ ತುಂಬಿ ಕಾಣಲು ಸೊಂಟಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ, ಇವರು ಒಪ್ಪಲಿಲ್ಲ. ರಾಣಿ ದಪ್ಪಗಿದ್ದಳೆಂದು ಎಲ್ಲಿ ಬರೆದಿದೆ ಎಂದು, ಇತಿಹಾಸದಲ್ಲಿ ಎಂ.ಎ. ಮಾಡಿದ ನನ್ನನ್ನೇ ಕೇಳಿದ್ದರು.

ಬಿಸಿಲೇರಿದ ಮೇಲೆ ನಾಟಕ ಕಲಿಸುವ ಮಾದಣ್ಣ ಬಂದರು. ಹಿಂದೆ ದೊರೆಸ್ವಾಮಿ ನಿಂತಿದ್ದ.

“ಮೇಷ್ಟ್ರು ರಾಣಿ ಪಾಲ್ಟ ಇವನ್ಗೆ ಕೊಟ್ಟಿವಿ ಕಣವ್ವ. ಕೇಳಕ್ಕೆ ಬಾಯಿ ಬರಲ್ಲ. ಆ ಲಂಗ…”

ದೊರೆಸ್ವಾಮಿ ಪ್ಯಾಂಟಿನ ಮೇಲೆಯೇ ಹಾಕಿ ನೋಡಿದ. ಕೊಕ್ಕೆ ಕೂಡಲಿಲ್ಲ. ಸರಿಸಿ ಕೊಡುತ್ತೇನೆ ಎಂದೆ. ಹೊಲಿಗೆ ಬಿಚ್ಚಲು ನನಗೆ ಮನಸ್ಸಿರಲಿಲ್ಲ. ಗಿರೀಶರ ಬಟ್ಟೆಗಳನ್ನೆಲ್ಲ ಹಿರಿಯರು ಆಗಲೇ ದಾನ ಕೊಟ್ಟುಬಿಟ್ಟಿದ್ದರು. ಅವರ ಮೈಯ ಅಳತೆ ಉಳಿದಿದ್ದದ್ದು ಆ ಹೊಲಿಗೆಯಲ್ಲಿ.

“ಕೊಕ್ಕೆ ಸರಿಸುದ್ರೆ ಸಾಲ್ದು ಕಣಕ್ಕ,” ಎಂದ ದೊರೆಸ್ವಾಮಿ. “ಇನ್ನೂ ಟವಲ್ಲೇ ಸುತ್ತಿಲ್ಲ.”

“ನಿಂಗ್ಯಾಕ್ಲಾ ಟವಲ್ಲು? ದೇವ್ರೇ ಸುತ್ತಿ ಕಳ್ಸವ್ನೆ.”

“ಸುಮ್ಕಿರಣ್ಣ, ಸಾವಿನ ಮನೆ.”

ಮಾದಣ್ಣ ನಾಲಿಗೆ ಕಚ್ಚಿಕೊಂಡರು. ನನಗೆ ನಗು ಬಂದಿತ್ತು. ತಡೆದುಕೊಂಡೆ.

“ಬ್ಯಾಡ ಅಂದ್ರೆ ಬುಡವ್ವ. ಮೈಸೂರಿಂದ ಬಾಡ್ಗೆಗೆ ತತ್ತೀವಿ.”

ಬೇಡ ಎನ್ನಬಹುದಿತ್ತು. ಲಂಗ ಪೆಟ್ಟಿಗೆಯಲ್ಲಿ ಇರುತ್ತಿತ್ತು, ಯಾರೂ ಉಡದೆ.

“ನಾಳೆ ಬನ್ನಿ,” ಎಂದೆ.

ಬ್ಲೇಡು ಹಿಡಿದು ಸೊಂಟದ ಸುತ್ತ ಬಿಚ್ಚಿದೆ. ಒಳಗೆ ಮಡಿಸಿದ್ದ ಬಟ್ಟೆ ಬಿಟ್ಟೆ. ಪಟ್ಟಿಗೆ ತುಂಡು ಸೇರಿಸಿದೆ. ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ನೀರು ಚಿಮುಕಿಸಿ ಇಸ್ತ್ರಿ ಮಾಡಿದಾಗ ಅವೂ ಮುಚ್ಚಿಕೊಂಡವು.

ಮರುದಿನ ಲಂಗ ಕೊಟ್ಟು ಕಳಿಸಿ, ಚಾಮರಾಜನಗರದ ಬಸ್ ನಿಲ್ದಾಣಕ್ಕೆ ನಡೆದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಮರಿತಾಯಮ್ಮನಿಗೆ ಹಿಂದಿರುಗಿಸಬೇಕಿದ್ದ ಅಳತೆ ಕಾಗದ ತೊಡೆಯ ಮೇಲಿತ್ತು. ಗೀಟಿನ ನಕಲು ತೆಗೆದಿಟ್ಟುಕೊಳ್ಳಬಹುದಿತ್ತು. ತೆಗೆದಿರಲಿಲ್ಲ.

ಮರಿತಾಯಮ್ಮನ ಜಗಲಿಯಲ್ಲಿ ಅದನ್ನು ಬಿಚ್ಚಿ ಹಿಡಿದೆ.

“ಈ ಗೀಟು ಯಾರ್ದವ್ವ?”

“ನಮ್ಮನೆಯವರದು.”

ಮರಿತಾಯಮ್ಮ ಗೀಟಿನ ಮೇಲೆ ಬೆರಳಾಡಿಸಿದರು.

“ಬೇಗೂರ ನಾಟ್ಕದವ್ರು ಈ ಕಾಗ್ದ ಕೇಳವ್ರೆ ಕಣವ್ವ. ಈ ಗೀಟ ನೋಡ್ಕಂಡು ಬಟ್ಟೆಗೆ ಕತ್ತರಿ ಹಾಕ್ಬುಡ್ತರೆ. ಅಳಿಸ್ಬೇಕಾಯ್ತದೆ. ನೀನೇ ಅಳಿಸ್ಕೊಡ್ತೀಯಾ?”

“ನೀವೇ ಅಳಿಸಿ,” ಎಂದು ಕಾಗದವನ್ನು ಮಡಿಸಿ ಆಕೆಯ ಕೈಗೆ ಕೊಟ್ಟೆ.