ಮಹಾಮನೆಯ ಹಲಗೆ

ಕಂಪ್ಯೂಟರ್ ಪರದೆಯ ಮೇಲೆ 'ಮ' ಅಕ್ಷರದ ಹೊಟ್ಟೆ ನಾಲ್ಕನೆಯ ಸಲ ಸೊಟ್ಟಗಾಯಿತು. ಕರೀಮಸಾಬ ಮೌಸ್ ಬಿಟ್ಟು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತ. ಆಳಂದ ಬಸ್‌ಸ್ಟ್ಯಾಂಡಿನ ಎದುರಿನ ಆ ಝೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಗಿರಾಕಿಗಳು ಇರುತ್ತಿರಲಿಲ್ಲ. ಅದಕ್ಕೇ ಅವನು ಆ ಹೊತ್ತು ಆರಿಸಿಕೊಂಡಿದ್ದ. ತಲೆಯ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು.

"ಮೌಸ್ ಕೆಟ್ಟಾದ ನೋಡು ಬೇಟಿ," ಎಂದ.

ಅಂಗಡಿಯ ಒಡತಿ ಭುವನೇಶ್ವರಿ ಮದುವೆ ಕಾರ್ಡಿನ ಕೆಲಸ ಬಿಟ್ಟು ಎದ್ದು ಬಂದು ಬೇರೆ ಮೌಸ್ ಹಾಕಿಕೊಟ್ಟಳು. ಐದನೆಯ 'ಮ' ಮೊದಲಿನ ನಾಲ್ಕಕ್ಕಿಂತ ಕೆಟ್ಟದಾಗಿ ಬಂತು. ಅವಳು ಪರದೆ ನೋಡಲಿಲ್ಲ, ಅವನ ಕೈ ನೋಡಿದಳು. ಮೌಸನ್ನು ಪಕ್ಕಕ್ಕೆ ಸರಿಸಿ, ಕೀಬೋರ್ಡಿನ ಬಾಣದ ಗುರುತಿನ ನಾಲ್ಕು ಕೀಲಿಗಳನ್ನು ತೋರಿಸಿದಳು. ಅಕ್ಷರದ ಅಂಚಿನುದ್ದಕ್ಕೂ ಚುಕ್ಕಿಗಳಿರುತ್ತವೆ, ಒಂದೊಂದನ್ನೇ ಆರಿಸಿಕೊಂಡು ಬಾಣ ಒತ್ತಿದರೆ ಚುಕ್ಕಿ ಕೂದಲೆಳೆಯಷ್ಟೇ ಸರಿಯುತ್ತದೆ, ಕೈ ಹೇಗಿದ್ದರೂ ನಡೆಯುತ್ತದೆ ಎಂದಳು. ಕೊನೆಯ ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕರೀಮಸಾಬ ಕೇಳಿಸದವನಂತೆ ಬಾಣದ ಕೀಲಿಯ ಮೇಲೆ ಬೆರಳಿಟ್ಟ.

ಹೋದ ವರ್ಷ ಮೊಹರಂ ಕಳೆದ ಮೇಲೆ ಶುರುವಾದ ನಡುಕ ಅದು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟಿನವರೆಗೆ. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ಕಡಿಮೆಯಾಗುವ ರೋಗವಲ್ಲ, ನಿಧಾನವಾಗಿ ಹೆಚ್ಚುವ ರೋಗ ಎಂದು ಮುಖಕ್ಕೆ ಹೇಳಿಬಿಟ್ಟಿದ್ದರು. ಮೂವತ್ತೈದು ವರ್ಷ ಬಾಗಿಲು ಚೌಕಟ್ಟುಗಳ ಮೇಲೆ ಉಬ್ಬು ಅಕ್ಷರ ಕಡಿದ ಕೈ! ಆಳಂದದ ಸುತ್ತ ಹತ್ತು ಊರಿನಲ್ಲಿ ಮನೆ ಹೆಸರಿನ ಹಲಗೆ ಎಂದರೆ ಕರೀಮಸಾಬ ಎನ್ನುತ್ತಿದ್ದರು. ನಡುಗುವ ಬಡಿಗನ ಕೈಗೆ ಸಾಗವಾನಿ ಕೊಡುವ ಮಳ್ಳರು ಯಾರು? ಹೆಂಡತಿ ಖುರ್ಷಿದಬೇಗಂ ಬಿಟ್ಟರೆ ಈ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹೊರಗೆ ಹೋದರೆ ಬಲಗೈಯನ್ನು ಟವೆಲಿನ ಒಳಗೆ ಸುತ್ತಿಕೊಳ್ಳುತ್ತಿದ್ದ. ಹೋಟೆಲಿನಲ್ಲಿ ಯಾರಾದರೂ ಚಹಾ ಕೊಡಿಸಲು ಬಂದರೆ, ಸಕ್ಕರೆ ಕಾಯಿಲೆ ಎಂದು ಇಲ್ಲದ ರೋಗದ ಹೆಸರು ಹೇಳಿ ಇದ್ದ ರೋಗವನ್ನು ಮುಚ್ಚಿಟ್ಟಿದ್ದ.

ಆಗ ಬಂದವಳು ಮಾದನಹಿಪ್ಪರಗಾದ ಸುಭದ್ರಾಬಾಯಿ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಉಣ್ಣಲಿಕ್ಕೆ ಹಾಕಿ ನಿವೃತ್ತಳಾದ ಹೆಂಗಸು, ಗಂಡನಿಲ್ಲ, ಎರಡು ಕೋಣೆಯ ಮನೆ ಕಟ್ಟಿಸಿದ್ದಳು. ಅದಕ್ಕೆ 'ಮಹಾಮನೆ' ಎಂದು ಹೆಸರು. ಎರಡು ಕೋಣೆಗೆ ಮಹಾಮನೆಯೇ ಎಂದು ನಕ್ಕವರಿಗೆ, ಹೆಸರು ಕೋಣೆ ಎಣಿಸಿ ಇಡುವುದಲ್ಲ ಎಂದಿದ್ದಳಂತೆ. ಹಳೆಯ ಮನೆ ಕೆಡವಿದಾಗ ಅತ್ತೆಯ ಕಾಲದ ಬಾಗಿಲಿನಿಂದ ಹುಳ ಹಿಡಿಯದೆ ಉಳಿದ ಒಂದೇ ಒಂದು ಸಾಗವಾನಿ ಹಲಗೆಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಬಸವ ಜಯಂತಿ ಕಳೆದು ಎಂಟು ದಿನಕ್ಕೆ ಸ್ವಾಮಿಗಳನ್ನು ಕರೆಸಿ ಹೊಸ ಮನೆಯ ಗುರುಪ್ರವೇಶ, ಅಷ್ಟರಲ್ಲಿ ಹಲಗೆ ಬಾಗಿಲ ಮೇಲಿರಬೇಕು ಎಂದಳು. ಅವಳ ಜೊತೆಗೆ ಬಂದಿದ್ದ ಅದೇ ಊರಿನ ಚಂದ್ರಾಮಪ್ಪ ದೊಡ್ಡ ಮನೆ ಕಟ್ಟಿಸುತ್ತಿದ್ದ. ಈ ಹಲಗೆ ಹೇಗೆ ಬರುತ್ತದೆ ನೋಡಿ ತನ್ನ ಮನೆಯ ಹನ್ನೊಂದು ಬಾಗಿಲಿನ ಮಾತಾಡುತ್ತೇನೆ ಎಂದ. ಅಂದರೆ ಎರಡು ವರ್ಷದ ಕೆಲಸ. ಕರೀಮಸಾಬ ಟವೆಲಿನೊಳಗಿನ ಕೈ ಹೊರಗೆ ತೆಗೆಯದೆ, ಆಗಲಿ ಎಂದು ತಲೆಯಾಡಿಸಿದ.

ಆ ಸಂಜೆ ಪೆನ್ಸಿಲ್ ಹಿಡಿದು 'ಮ' ಬರೆದರೆ ಅದು ಎರೆಹುಳುವಿನಂತೆ ಹರಿದುಹೋಯಿತು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇದೆ, ಇಂಕ್‌ಸ್ಕೇಪ್ ಎಂದು, ಅದರಲ್ಲಿ ಅಕ್ಷರ ಬರೆದು ಕಾಗದದ ಮೇಲೆ ತೆಗೆದು ಮರಕ್ಕೆ ಅಂಟಿಸಿಕೊಳ್ಳಬಹುದು ಎಂದು ಅವನಿಗೆ ತೋರಿಸಿದ್ದು ಯಾವುದೋ ಮೊಬೈಲ್ ವಿಡಿಯೋ. ಗೆರೆ ಗಟ್ಟಿಯಿದ್ದರೆ ಉಳಿಯೂ ಗೆರೆ ಹಿಡಿದು ಹೋಗುತ್ತದೆ ಎಂದು ಅವನ ಲೆಕ್ಕ. ಮರುದಿನವೇ ಭುವನೇಶ್ವರಿಯ ಅಂಗಡಿಯ ಮೂಲೆಯ ಹಳೆಯ ಕಂಪ್ಯೂಟರ್ ಮುಂದೆ ಕುಳಿತಿದ್ದ. ಐವತ್ತೆಂಟರ ವಯಸ್ಸಿನಲ್ಲಿ, ಓದುವ ಕನ್ನಡಕ ಹಗ್ಗದಿಂದ ಕಟ್ಟಿಕೊಂಡು.

ಸಾಫ್ಟ್‌ವೇರಿನ ಅಕ್ಷರಗಳು ಅವನಿಗೆ ಹಿಡಿಸಲಿಲ್ಲ. ಎಲ್ಲ ಬಸ್ಸಿನ ಬೋರ್ಡಿನಂತೆ ಕಂಡವು. ಫೋಟೋ ಹಾಕಿದರೆ ಅದರ ಅಂಚನ್ನು ತಾನೇ ಹಿಡಿದು ಗೆರೆ ಮಾಡಿಕೊಡುತ್ತದೆ ಎಂದು ಭುವನೇಶ್ವರಿ ಹೇಳಿದ ದಿನ ಅವನಿಗೆ ಬೇರೆಯದೇ ದಾರಿ ಹೊಳೆಯಿತು. ತನ್ನ ಕೈ ಚೆನ್ನಾಗಿದ್ದಾಗಿನ ಅಕ್ಷರಗಳು ಊರ ತುಂಬ ಬಾಗಿಲುಗಳ ಮೇಲೆ ಇವೆಯಲ್ಲ! ಮೊಬೈಲ್ ಹಿಡಿದು ಬೀದಿ ಬೀದಿ ಹೊರಟ. ಪಕ್ಕದೂರು ನಿಂಬರ್ಗಾದ ಒಂದು ಮನೆಯಿಂದ 'ಮ', ಸಾಹುಕಾರರ ಓಣಿಯಿಂದ 'ಹ', ಮುಚ್ಚಿಹೋದ ಔಷಧಿ ಅಂಗಡಿಯ ಹಲಗೆಯಿಂದ 'ನ'. ಕೈಯಲ್ಲಿ ಹಿಡಿದರೆ ಫೋಟೋ ಕಲಸಿಹೋಗುತ್ತಿತ್ತು, ಮೊಬೈಲನ್ನು ಎದುರು ಮನೆಯ ಕಂಪೌಂಡಿಗೆ ಒತ್ತಿ ತೆಗೆಯುತ್ತಿದ್ದ. ಒಬ್ಬಳು ಹೊರಗೆ ಬಂದು, ಮನೆ ತೆರಿಗೆ ಹೆಚ್ಚಿಸಲು ಬಂದಿದ್ದೀರಾ ಎಂದು ಜಗಳ ತೆಗೆದಳು. ಆ ಅಕ್ಷರ ಕಡಿದವನು ನಾನೇ ಎನ್ನಲು ಬಾಯಿ ಬರಲಿಲ್ಲ. ಕೊಟ್ಟದ್ದನ್ನು ತಿರುಗಿ ಬೇಡಲು ಬಂದವನ ಹಾಗೆ ಅನ್ನಿಸಿ, ಸಹಕಾರಿ ಸೊಸೈಟಿ ಕಡೆಯವನು ಎಂದು ಸುಳ್ಳು ಹೇಳಿ ಬಂದ.

ಎರಡು ತಿಂಗಳು ಕಲಿತ. ನಡುಗುವ ಬೆರಳು ಒಮ್ಮೊಮ್ಮೆ ಕೀಲಿಯನ್ನು ಎರಡು ಸಲ ಒತ್ತಿಬಿಡುತ್ತಿತ್ತು, ಎದುರು ಬಾಣ ಒತ್ತಿ ಹಿಂದಕ್ಕೆ ತರುತ್ತಿದ್ದ. 'ಮಹಾಮನೆ'ಯಲ್ಲಿ 'ಮ' ಎರಡು ಸಲ ಬರುತ್ತದೆ. ಒಂದನ್ನು ಮಾಡಿ ನಕಲು ತೆಗೆದರಾಯಿತು ಎಂದು ಭುವನೇಶ್ವರಿ ಒಂದು ಕ್ಷಣದಲ್ಲಿ ಮಾಡಿ ತೋರಿಸಿದಳು. ಅವನು ಅದನ್ನು ಬಹಳ ಹೊತ್ತು ನೋಡಿ, ಕೈಯಿಂದ ಕಡಿದ ಎರಡು 'ಮ' ಅಣ್ಣತಮ್ಮರಂತೆ ಇರುತ್ತವೆಯೇ ಹೊರತು ಹೀಗೆ ಒಬ್ಬನೇ ಎರಡು ಕಡೆ ನಿಂತಂತೆ ಇರುವುದಿಲ್ಲ ಎಂದ. ಎರಡನೆಯ 'ಮ'ದ ಬಾಲವನ್ನು ಚುಕ್ಕಿ ಚುಕ್ಕಿಯಾಗಿ ಸರಿಸಿ ತುಸು ಉದ್ದ ಮಾಡುವುದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಕಡೆಗೆ ಮೂರು ಹಾಳೆಗಳ ಮೇಲೆ ಅಕ್ಷರ ಹೊರಬಿದ್ದಾಗ ಅವನು ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿ ಬೆರಳಿನಿಂದ ಅಂಚು ಸವರಿದ. ಅದು ಅವನದೇ ಕೈ, ಹತ್ತು ವರ್ಷದ ಹಿಂದಿನದು.

ಗುರುಪ್ರವೇಶಕ್ಕೆ ಆರು ದಿನ ಇತ್ತು. ಮೊದಲು ಬೇವಿನ ಹಲಗೆಗೆ ಕಾಗದ ಅಂಟಿಸಿ, ಉಳಿ ಕೊಡತಿ ಹಿಡಿದು ಕುಳಿತ. ಗೆರೆ ಗಟ್ಟಿಯಾಗಿತ್ತು. ಉಳಿ ಆಗಿರಲಿಲ್ಲ. ಕೊಡತಿಯ ಏಟಿಗೆ ಸರಿಯಾಗಿ ಉಳಿಯ ತುದಿ ಹೊರಳಿ 'ಮ'ದ ಹೊಟ್ಟೆಯನ್ನು ಸೀಳಿತು. ಕೈ ಬದಲಿಸಿ ಉಳಿಯನ್ನು ಎಡಗೈಗೆ ಕೊಟ್ಟರೆ ಕೊಡತಿ ಬಲಗೈಯಲ್ಲಿ ದಾರಿ ತಪ್ಪಿ ಹೆಬ್ಬೆರಳಿಗೇ ಬಿತ್ತು. ಎರಡನೆಯ ಹಲಗೆ ಹಾಳಾಯಿತು, ಮೂರನೆಯದು ಹಾಳಾಯಿತು. ನಡುಕ ಇರುವುದು ಪೆನ್ಸಿಲಿನಲ್ಲಿ ಎಂಬಂತೆ ಅವನು ಎರಡು ತಿಂಗಳು ಬರೆಯುವುದನ್ನೇ ಕಲಿತಿದ್ದ. ಕರೀಮಸಾಬ ಕಟ್ಟಿಗೆಯ ಹೊಟ್ಟಿನ ಮೇಲೆ ಕುಳಿತು ಅತ್ತುಬಿಟ್ಟ. ಖುರ್ಷಿದಬೇಗಂ ಬಂದಳು. ಆ ಮೂರು ಹಲಗೆಗಳನ್ನೂ ಯಾರ ಕಣ್ಣಿಗೂ ಬೀಳದಂತೆ ಒಲೆಗೆ ಹಾಕಿ, ಸಾಗವಾನಿಯನ್ನು ಸೀರೆಯಲ್ಲಿ ಸುತ್ತಿ ತಿರುಗಿ ಕೊಟ್ಟು ಬರೋಣ ಎಂದಳು. ಹಾಗೆ ಕೊಟ್ಟರೆ ಕಾರಣ ಹೇಳಬೇಕಾಗುತ್ತದೆ, ಕಾರಣ ಹೇಳಿದರೆ ಚಂದ್ರಾಮಪ್ಪನ ಹನ್ನೊಂದು ಬಾಗಿಲಷ್ಟೇ ಅಲ್ಲ, ಇನ್ನು ಯಾವ ಬಾಗಿಲೂ ನಮ್ಮ ಕಡೆ ಬರುವುದಿಲ್ಲ ಎಂದು ಅವನು ಹಲಗೆ ಮುಟ್ಟಗೊಡಲಿಲ್ಲ.

ಮರುದಿನ ಭುವನೇಶ್ವರಿಯ ಅಂಗಡಿಯಲ್ಲಿ ಸುಮ್ಮನೆ ಕುಳಿತಿದ್ದಾಗ ಅವಳೇ ಮೆಲ್ಲಗೆ ಹೇಳಿದಳು. ಅವನು ಮಾಡಿದ ಆ ಫೈಲನ್ನು ಹಾಗೇ ಮರ ಕೊರೆಯುವ ಮಷಿನ್ನಿಗೆ ಹಾಕಬಹುದು, ಕಾಗದವೂ ಬೇಡ, ಉಳಿಯೂ ಬೇಡ. ಅಫಜಲಪುರ ರಸ್ತೆಯಲ್ಲಿ ತೌಸೀಫ ಅಂಥ ಮಷಿನ್ ಇಟ್ಟಿದ್ದಾನಲ್ಲ? ತೌಸೀಫ ಎಂದರೆ ಒಂದು ಕಾಲಕ್ಕೆ ಕರೀಮಸಾಬನ ಹತ್ತಿರವೇ ಕೆಲಸ ಕಲಿತವನು. ಮಷಿನ್ ತಂದ ದಿನದಿಂದ, ಅದು ಕಡಿದ ಅಕ್ಷರ ಹೆಣದಂತಿರುತ್ತದೆ ಎಂದು ಮೂರು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವನು ಇದೇ ಕರೀಮಸಾಬ. ಈಗ ಪೆನ್‌ಡ್ರೈವ್ ಜೇಬಿನಲ್ಲಿಟ್ಟು, ಹಲಗೆಯನ್ನು ಕಂಕುಳಲ್ಲಿ ಹಿಡಿದು ಅವನ ಬಾಗಿಲಿಗೆ ಹೋದ. ತನಗೆ ಕಡಿಯಲು ಹೊತ್ತಿಲ್ಲ, ಕೆಲಸ ಬಹಳ ಬಂದಿದೆ ಎಂದು ನೆಪ ಹೇಳಿದ. ತೌಸೀಫ ಉಸ್ತಾದನ ಮುಖ ನೋಡಿ, ಹಲಗೆ ತೆಗೆದುಕೊಂಡು ಒಳಗೆ ಹೋದ. ನಾಲ್ಕು ದಿನದ ಕೆಲಸವನ್ನು ಮಷಿನ್ ಮುಕ್ಕಾಲು ತಾಸಿನಲ್ಲಿ ಮುಗಿಸಿತು. ಅಷ್ಟು ಹೊತ್ತೂ ಕರೀಮಸಾಬ ಹೊರಗಿನ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಮನೆಗೆ ತಂದು ಮಷಿನ್ನಿನ ಗುರುತು ಹೋಗುವವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿದ. ಉಜ್ಜುವುದಕ್ಕೆ ನಡುಗುವ ಕೈಯಾದರೂ ಸಾಕು.

ಗುರುಪ್ರವೇಶದ ದಿನ ಬೆಳಗ್ಗೆ ಆರಕ್ಕೇ ಹಲಗೆ ಕೂಡಿಸಿ ಆಳಂದದ ಬಸ್ ಹಿಡಿಯಬೇಕೆಂದಿದ್ದ. ಸುಭದ್ರಾಬಾಯಿ ಗಂಡ ಹೆಂಡತಿ ಇಬ್ಬರನ್ನೂ ಬಿಡಲಿಲ್ಲ. ಮಠದ ಸ್ವಾಮಿಗಳ ಪಾದ ತೊಳೆದು ಒಳಗೆ ಕರೆದುಕೊಂಡದ್ದಾಯಿತು. ಬಂದವರೆಲ್ಲ ತಲೆಯೆತ್ತಿ ಹಲಗೆ ನೋಡಿದರು. ಚಂದ್ರಾಮಪ್ಪ ಅಕ್ಷರದ ಮೇಲೆ ಬೆರಳಾಡಿಸಿ, ಇಂಥ ಕೈ ಈ ಕಡೆ ಇನ್ನೊಂದಿಲ್ಲ ಎಂದ. ಕರೀಮಸಾಬ ಟವೆಲನ್ನು ಬಲಗೈಗೆ ಬಿಗಿಯಾಗಿ ಸುತ್ತಿಕೊಂಡು ಗೋಡೆಗೆ ಆತು ನಿಂತ.

ಊಟಕ್ಕೆ ಮೊದಲು, ಮನೆ ಕಟ್ಟಿದವರಿಗೆ ಹೊಸಿಲ ಮುಂದೆ ಉಡುಗೊರೆ ಕೊಟ್ಟು ಆಯೇರಿ ಮಾಡುವುದು ಅಲ್ಲಿಯ ಪದ್ಧತಿ. ಅಕ್ಕಿ ಹರಡಿ ಶಾಲು, ಅಂಗಿಯ ಬಟ್ಟೆ, ತೆಂಗಿನಕಾಯಿ, ಎಲೆಅಡಿಕೆ ಇಟ್ಟ ತಟ್ಟೆಯನ್ನು ಎಲ್ಲರೆದುರು ಎರಡೂ ಕೈಯಿಂದ ತೆಗೆದುಕೊಳ್ಳಬೇಕು. ಗೌಂಡಿಯದು ಮುಗಿಯಿತು. ಬಡಿಗರು ಬರ್ರಿ ಎಂದು ಕೂಗಿದರು. ಖುರ್ಷಿದಬೇಗಂ ಗಂಡನ ಮುಖ ನೋಡಿ ತಾನೇ ಸೆರಗು ಹೊದ್ದು ಮುಂದೆ ಬಂದಳು. ಸುಭದ್ರಾಬಾಯಿ ನಕ್ಕು, ಕೆಲಸ ಮಾಡಿದ ಕೈಗೇ ಕೊಡಬೇಕವ್ವಾ ಎಂದು ಅವಳನ್ನು ಪಕ್ಕಕ್ಕೆ ನಿಲ್ಲಿಸಿದಳು. ನೂರು ಮಂದಿ ಕಾಯುತ್ತಿದ್ದರು. ಕರೀಮಸಾಬ ಟವೆಲಿನಿಂದ ಬಲಗೈ ಹೊರಗೆ ತೆಗೆದ.

ತಟ್ಟೆ ಕೈಗೆ ಬಂದದ್ದೇ ತಡ ಗಡಗಡ ಸದ್ದು ಮಾಡತೊಡಗಿತು. ಎಲೆ ಜಾರಿದವು, ತೆಂಗಿನಕಾಯಿ ಉರುಳಿ ಮೆಟ್ಟಿಲಿಳಿದು ಚಂದ್ರಾಮಪ್ಪನ ಕಾಲ ಹತ್ತಿರ ನಿಂತಿತು.

"ಅಕ್ಕಾರ, ಇದು ನಾ ಕಡದಿದ್ದಲ್ರಿ," ಎಂದ ಕರೀಮಸಾಬ. "ಮಷಿನ್ ಕಡದಾದ. ವರ್ಷಾತು, ನನ್ನ ಕೈಯಾಗ ಉಳಿ ನಿಂದ್ರವಲ್ದು."

"ಅಕ್ಷರಾ ಯಾರವು?" ಎಂದಳು ಸುಭದ್ರಾಬಾಯಿ.

"ಅಕ್ಷರಾ ನನ್ನವ್ರಿ."

"ಮತ್ತ ಹಿಡಿ."

"ಹಿಡಿಯಾಕ ಆಗವಲ್ದ್ರಿ ಅಕ್ಕಾರ."

ಚಂದ್ರಾಮಪ್ಪ ಕಾಯಿ ಎತ್ತಿ ಪಕ್ಕದವನ ಕೈಗೆ ಕೊಟ್ಟು, ಮೊಬೈಲ್ ಕಿವಿಗೆ ಹಚ್ಚಿಕೊಂಡು ಓಣಿಯ ಕಡೆ ನಡೆದುಹೋದ. ಯಾರೋ ಊಟಕ್ಕೆ ಏಳಿರೆಂದು ಕೂಗಿದರು. ಮಂದಿ ಬದುಕಿದೆವು ಎಂಬಂತೆ ಪೆಂಡಾಲಿನ ಕಡೆ ಸರಿದರು. ಸುಭದ್ರಾಬಾಯಿ ಮುಂದೆ ಬಂದು ತಟ್ಟೆಯ ಈಚೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ತಿರುಗಿ ತೆಗೆದುಕೊಳ್ಳಲಿಲ್ಲ, ಬಿಡಲೂ ಇಲ್ಲ. ನಡುಕ ಅವಳ ಮೊಣಕೈವರೆಗೆ ಬಂತು. ಪೆಂಡಾಲಿನಲ್ಲಿ ಎಲೆ ಹಾಕಿ ಹುಗ್ಗಿ ಬಡಿಸುವವರೆಗೂ ಇಬ್ಬರೂ ಹೊಸಿಲ ಮುಂದೆ ಹಾಗೇ ನಿಂತಿದ್ದರು, ನಡುವೆ ತಟ್ಟೆಯಲ್ಲಿ ಅಕ್ಕಿಕಾಳು ಸಣ್ಣಗೆ ಕುಣಿಯುತ್ತಿದ್ದವು.